ಚಿಂಗ್‌ಮಿಂಗ್ ಬಗ್ಗೆ ನಾನು ಮಾಡಿದ ಭಾಷಣ

ಗ್ರಂಥಾಲಯದ ಮೇಜಿನ ಮೇಲೆ ಕಾಗದದ ಅಂಗಿ, ಕಾಗದದ ಷೂ, ಕಾಗದದ ಮೊಬೈಲು, ಎರಡಂತಸ್ತಿನ ಕಾಗದದ ಮನೆ. ಮಕ್ಕಳ ಆಟಿಕೆಗಳಿರಬೇಕೆಂದು ಮೊಬೈಲನ್ನು ಕೈಗೆತ್ತಿಕೊಂಡೆ. ಪಕ್ಕದಲ್ಲಿದ್ದ ಮುದುಕಿ ಮೆಲ್ಲಗೆ ಅದನ್ನು ಬಿಡಿಸಿಕೊಂಡು ಇದ್ದಲ್ಲೇ ಇಟ್ಟಳು. ಅವೆಲ್ಲ ಸತ್ತವರಿಗಂತೆ. ಸುಟ್ಟರೆ ಅವರಿಗೆ ತಲುಪುತ್ತವಂತೆ.

ಯೋಗ ಕಲಿಸಲು ನಾನು ಚೀನಾದ ಕುನ್ಮಿಂಗ್ ನಗರಕ್ಕೆ ಬಂದು ಆಗ ಎರಡು ತಿಂಗಳು. ನಮ್ಮೂರ ಹತ್ತಿರದ ಶಿವನಿಯಲ್ಲಿ ರೈಲು ಹತ್ತುವಾಗ ಚೀನೀ ಭಾಷೆಯ ಒಂದು ಪದವೂ ಬರುತ್ತಿರಲಿಲ್ಲ. ಲಿಫ್ಟಿಲ್ಲದ ಕಟ್ಟಡದ ಆರನೇ ಮಹಡಿಯಲ್ಲಿ ಬಾಡಿಗೆ ಕೋಣೆ. ಬೆಳಗ್ಗೆ ಮಿಶ್ಯೆನ್, ಅಂದರೆ ನಮ್ಮ ಒತ್ತುಶಾವಿಗೆಯಂಥದ್ದನ್ನೇ ಬಿಸಿ ಸಾರಿಗೆ ಹಾಕಿದ್ದು. ಉಸಿರು ತೆಗೆದುಕೊಳ್ಳಿ, ಬಿಡಿ ಎನ್ನುವುದನ್ನು ಬಾಯಿಪಾಠ ಮಾಡಿದ್ದೆ. ಅದು ಬಿಟ್ಟರೆ ದಿನವಿಡೀ ಮೂಕಿ. ಬಡಾವಣೆಯ ಗ್ರಂಥಾಲಯದಲ್ಲಿ ಶನಿವಾರ ಚೀನೀ ಸಂಸ್ಕೃತಿಯ ಉಪನ್ಯಾಸಗಳಿಗೆ ಹೋಗತೊಡಗಿದ್ದು ನಾಲ್ಕು ಜನರ ಮಧ್ಯೆ ಕೂರುವ ಆಸೆಗೆ. ಆ ಮುದುಕಿಯನ್ನು ಲಿನ್ ಆಯಿ ಎಂದು ಕರೆಯತೊಡಗಿದೆ. ಆಯಿ ಎಂದರೆ ಅಲ್ಲಿ ಚಿಕ್ಕಮ್ಮ. ನನಗೆ ತಿಳಿಯದ್ದನ್ನು ಫೋನಿನಲ್ಲಿ ಇಂಗ್ಲಿಷಿಗೆ ತಿರುಗಿಸಿ ತೋರಿಸುವಳು.

ಅಂದಿನ ವಿಷಯ ಚಿಂಗ್‌ಮಿಂಗ್. ಆ ಹಬ್ಬಕ್ಕೆ ಮನೆಮಂದಿಯೆಲ್ಲ ಊರಿಗೆ ಹೋಗಿ ಹಿರಿಯರ ಸಮಾಧಿ ಗುಡಿಸಿ ಊಟ ಇಡುತ್ತಾರೆ. ನಮ್ಮಲ್ಲಿ ಪಕ್ಷದ ಹಬ್ಬಕ್ಕೆ ಎಡೆ ಇಟ್ಟ ಹಾಗೆ. ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡ ಮೇಲೆ ನಮ್ಮ ಮನೆಯಲ್ಲಿ ಎಡೆ ನಿಂತಿತ್ತು. ಅವ್ವ ಮಾತ್ರ ಹಿತ್ತಲಲ್ಲಿ ಕದ್ದು ಇಡುತ್ತಿದ್ದಳು.

ಮುಂದಿನ ವರ್ಷ ರೋಗ ಬಂದು ಚೀನಾ ಗಡಿ ಮುಚ್ಚಿತು. ಆ ಕಾಲದಲ್ಲೇ ಕಡೂರು ರಸ್ತೆಯಲ್ಲಿ ತಮ್ಮ ರವಿಯ ಬೈಕಿಗೆ ಟ್ರ್ಯಾಕ್ಟರ್ ಗುದ್ದಿತು. ಆಸ್ಪತ್ರೆ ಸೇರುವ ಮೊದಲೇ ಹೋಗಿಬಿಟ್ಟ. ನಾನು ಊರಿಗೆ ಹೊರಡಬಹುದಿತ್ತು, ಆದರೆ ಮತ್ತೆ ಕುನ್ಮಿಂಗ್‌ಗೆ ಬರಲು ಬಿಡುತ್ತಿರಲಿಲ್ಲ. ಕೆಲಸ ಕಳೆದುಕೊಳ್ಳಬೇಡ, ಬರಬೇಡ ಎಂದದ್ದು ಅಪ್ಪ. ಒಪ್ಪಿಕೊಂಡದ್ದು ನಾನು, ಒಂದು ಮಾತೂ ಎದುರಾಡಲಿಲ್ಲ. ತಮ್ಮನ ಮಣ್ಣನ್ನು ಫೋನಿನಲ್ಲಿ ನೋಡಿದೆ. ಹಿಡಿದವರ ಕೈಯಲ್ಲಿ ಫೋನು ವಾಲಿ ಹೆಚ್ಚು ಹೊತ್ತು ಆಕಾಶವೇ ಕಾಣುತ್ತಿತ್ತು.

ಗಡಿ ತೆರೆದ ಮೇಲೆ ಊರಿಗೆ ಬಂದೆ. ಓದಿದ ಶಾಲೆಯ ಮೇಷ್ಟ್ರು ಚೀನಾದ ಜನಜೀವನದ ಬಗ್ಗೆ ಮಾತಾಡಲು ಕರೆದರು. ಪಕ್ಕದ ಬುಕ್ಕಾಂಬುಧಿಯಿಂದಲೂ ಜನ ಬಂದಿದ್ದರು. ಹಾವು ತಿಂತಾರಂತೆ ಹೌದಾ ಎಂದು ಒಬ್ಬರು ಕೇಳಿದರು, ಎಲ್ಲರೂ ನಕ್ಕರು. ಆ ನಗುವಿನಿಂದ ತಪ್ಪಿಸಿಕೊಳ್ಳಲು ಚಿಂಗ್‌ಮಿಂಗ್ ಬಗ್ಗೆ ಹೇಳತೊಡಗಿದೆ. ರೈಲು ತುಂಬಿ ತುಳುಕುತ್ತದೆ, ಎಷ್ಟೇ ದೂರವಿದ್ದರೂ ಸತ್ತವರಿಗಾಗಿ ಊರಿಗೆ ಬರುತ್ತಾರೆ ಎಂದೆ. ಎದುರಿನ ಸಾಲಿನಲ್ಲಿದ್ದ ಅವ್ವ ಎದ್ದು ನಿಂತಳು.

“ಅಷ್ಟು ದೂರದಿಂದ ಬತ್ತಾರೆ ಅಂತೀಯಲ್ಲ, ನೀನ್ಯಾಕೆ ಬರ್ಲಿಲ್ಲ ಕಣೇ?”

“ಬರಕ್ಕಾಗ್ತಿರ್ಲಿಲ್ಲ ಅವ್ವ.”

“ಬರಕ್ಕಾಗ್ತಿತ್ತು. ವಾಪಸ್ ಹೋಗಕ್ಕಾಗ್ತಿರ್ಲಿಲ್ಲ, ಅಷ್ಟೆ.”

ಅಪ್ಪ ನೆಲ ನೋಡುತ್ತಿದ್ದರು. ಬೇಡವೆಂದದ್ದು ತಾವೆಂದು ಅವರು ಹೇಳಲಿಲ್ಲ, ನಾನೂ ಹೇಳಲಿಲ್ಲ. ಅವ್ವ ಸೆರಗು ಸರಿಪಡಿಸಿಕೊಂಡು ಹೊರಗೆ ನಡೆದಳು. ಮೇಷ್ಟ್ರು ಗಡಿಬಿಡಿಯಲ್ಲಿ ವಂದನಾರ್ಪಣೆ ಮುಗಿಸಿ ನನಗೆ ಶಾಲು ಹೊದಿಸಿದರು.

ಕೆಲಸ ಇಲ್ಲಿ ಕುನ್ಮಿಂಗ್‌ನಲ್ಲಿದೆ, ಮರಳಿ ಬಂದೆ. ಈಗ ನನ್ನ ಚೀನೀ ಭಾಷೆ ಕೇಳಿದ ತರಕಾರಿಯವಳು ನೀನು ಈ ಊರಿನವಳೇ ಎಂದು ಹೊಗಳುತ್ತಾಳೆ. ನಮ್ಮ ಅಜ್ಜಂಪುರದ ಸಂತೆಯಲ್ಲಿ ನನ್ನ ಹೆಸರು ಚೀನಾದವಳು. ಮರಳಿದ ದಿನ ಕೋಣೆಗೆ ಬಂದು ಅಪ್ಪನಿಗೆ ‘ಮನೆ ಸೇರಿದೆ’ ಎಂದು ಟೈಪಿಸಿ, ಮೊದಲ ಪದ ಅಳಿಸಿ ಕಳಿಸಿದೆ. ಅಪ್ಪ ‘ಸರಿ’ ಎಂದರು. ಕರೆ ಮಾಡಿದಾಗ ಅವ್ವ ಫೋನಿಗೆ ಬರಲಿಲ್ಲ. ಇವತ್ತಿಗೂ ಬಂದಿಲ್ಲ.