ವಾಲ್ವಿನ ಸದ್ದು, ಅಪ್ಪನ ಕಿವಿ

ಆಗ ಹುಮನಾಬಾದಿನಲ್ಲಿ ಊರವರ ಮೋಟಾರು ಗಾಡಿಗಳು ಬೆರಳೆಣಿಕೆಯಷ್ಟಿದ್ದವು. ಯಾವುದಾದರೂ ಒಂದು ನಮ್ಮ ಓಣಿಗೆ ತಿರುಗಿದರೆ, ಅದು ಯಾರದೆಂದು ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನಿಗೂ ಸದ್ದಿನಿಂದಲೇ ತಿಳಿಯುತ್ತಿತ್ತು. ಬಂದ ಗಾಡಿ ನಮ್ಮ ಮನೆಯ ಮುಂದಿನ ಬೇವಿನ ಮರದ ಕೆಳಗೇ ನಿಲ್ಲುತ್ತಿತ್ತು. ಗಾಡಿ ರಿಪೇರಿಗೆ ಅಪ್ಪನಿಗೆ ಬೇರೆ ಅಂಗಡಿ ಇರಲಿಲ್ಲ. ನೆರಳಲ್ಲಿ ಒಂದು ಗೋಣಿತಟ್ಟು, ನಟ್ಟು ಬಿಚ್ಚುವ ಪಾನಾಗಳ ಡಬ್ಬಿ, ಬಿಡಿಭಾಗ ತೊಳೆಯಲು ಘಾಸ್ಲೇಟ್ ಎಂಬ ಸೀಮೆಎಣ್ಣೆಯ ಬೋಗುಣಿ. ಬೇವಿನ ಹೂವಿನ ವಾಸನೆಯೂ ಆ ಎಣ್ಣೆಯ ವಾಸನೆಯೂ ಕೂಡಿದರೆ ಅದೇ ನನಗೆ ಬೇಸಿಗೆ.

ಅಪ್ಪ ತೀರಿಹೋಗಿ ಇಪ್ಪತ್ತು ದಿನಗಳಾದವು. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಬರುತ್ತೇನೆ, ಯಾಕೆ ಬಂದೆನೆಂಬುದು ಮರೆತು ಹೋಗುತ್ತದೆ. ಬರೆಯಲು ಕೂತರೆ ಕೈಯಾದರೂ ಒಂದು ಕಡೆ ನಿಂತೀತು ಅನ್ನಿಸಿತು.

ಶರಣಪ್ಪ ಮಿಸ್ತ್ರಿ ಎಂದರೆ ಕೊಡಂಬಲದಿಂದ ಬಸವಕಲ್ಯಾಣದವರೆಗೆ ಗಾಡಿ ಇದ್ದವರಿಗೆಲ್ಲ ಗೊತ್ತು. ಅಪ್ಪನ ಆ ಹೆಸರು ನಿಂತಿದ್ದದ್ದು ಅವನ ಕಿವಿಯ ಮೇಲೆ. ಎಂಜಿನ್ ಒಳಗೆ ಗಾಳಿ ಬಿಟ್ಟುಕೊಳ್ಳುವ, ಹೊಗೆ ಹೊರಗೆ ಕಳಿಸುವ ಸಣ್ಣ ಬಾಗಿಲುಗಳಿರುತ್ತವೆ. ಅವೇ ವಾಲ್ವುಗಳು. ಅವನ್ನು ಒತ್ತುವ ಕಬ್ಬಿಣದ ತೋಳಿಗೂ ವಾಲ್ವಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಸಂದು ಹೆಚ್ಚಾದರೆ ಟಿಕ್ ಟಿಕ್ ಎಂದು ಬಡಿಯುತ್ತದೆ, ಗಾಡಿ ನಿಂತಲ್ಲೇ ಕುಣಿಯುತ್ತದೆ. ಸಂದು ಅಳೆಯಲು ಉಕ್ಕಿನ ತೆಳು ಪಟ್ಟಿಗಳಿವೆ. ಆದರೆ ಹಳೆಯ ಗಾಡಿಯಲ್ಲಿ ತೋಳಿನ ತುದಿ ಸವೆದು ಕುಳಿ ಬಿದ್ದಿರುತ್ತದೆ. ಪಟ್ಟಿ ಆ ಕುಳಿಯೊಳಗೆ ಇಳಿಯದೆ ಸುಳ್ಳು ಹೇಳುತ್ತದೆ. ಅಂಥ ಗಾಡಿಗೆ ಅಪ್ಪ ಪಟ್ಟಿ ಮುಟ್ಟುತ್ತಿರಲಿಲ್ಲ. ಎಂಜಿನ್ ನಡೆಯುತ್ತಿರುವಾಗಲೇ ಮುಚ್ಚಳ ತೆಗೆದು, ಬಿಸಿ ಎಣ್ಣೆ ಅಂಗಿಗೆ ಸಿಡಿಯುತ್ತಿದ್ದರೂ ತಿರುಪು ತಿರುಗಿಸುತ್ತ, ಕಿವಿಯಿಂದಲೇ ಸಂದು ಹಿಡಿಯುತ್ತಿದ್ದ.

ನಾನು ನಾಲ್ಕನೆಯ ಇಯತ್ತೆ ಮುಗಿಸಿದ ಬೇಸಿಗೆ ಅದು. ಆ ವರ್ಷ ಅಪ್ಪ ನನ್ನ ಮೇಲೆ ಸಿಟ್ಟಾಗಿದ್ದಾನೆಂದೇ ನಂಬಿದ್ದೆ. ಓಣಿಯ ಗಂಡಸರು ಮಾತಾಡಿಸಿದರೆ ನಗುತ್ತ ಉತ್ತರ ಕೊಡುತ್ತಿದ್ದವನು, ನಾನು ಬೆನ್ನ ಹಿಂದೆ ನಿಂತು ಉಣ್ಣಲು ಕರೆದರೆ ತಿರುಗುತ್ತಲೇ ಇರಲಿಲ್ಲ. ಹೋಳಿಯ ಹೊತ್ತಿಗೆ ಅವನದೊಂದು ಪಾನಾ ಬಾವಿಗೆ ಬೀಳಿಸಿದ್ದೆ. ಅದಕ್ಕೇ ಇರಬೇಕು ಅಂದುಕೊಂಡಿದ್ದೆ. ಅವ್ವನದೂ ಅದೇ ಪಾಡು. "ನಾ ಒದರಿ ಒದರಿ ಸಾಯಾಕತ್ತೀನಿ, ಇವರಿಗಿ ಖಬರೇ ಇಲ್ಲ" ಎಂದು ನೀರಿನ ಕೊಡ ದೊಪ್ಪೆಂದು ಕುಕ್ಕುತ್ತಿದ್ದಳು. ಆ ದೊಪ್ಪಿಗೆ ಮಾತ್ರ ಅಪ್ಪ ತಿರುಗುತ್ತಿದ್ದ.

ಒಂದು ಮಧ್ಯಾಹ್ನ ಹುಡಗಿ ಊರಿನ ಮಾಸ್ತರರು ತಮ್ಮ ಮೋಟರ್ ಸೈಕಲ್ ಬಿಟ್ಟು ಪೇಟೆಗೆ ಹೋಗಿದ್ದರು. ನಾನು ಹುಣಸೆಬೀಜ ಹರವಿಕೊಂಡು ಆಡುತ್ತಿದ್ದೆ. ತಲೆಯೆತ್ತಿದಾಗ ಅಪ್ಪ ಸ್ಕ್ರೂಡ್ರೈವರಿನ ತುದಿಯನ್ನು ನಡೆಯುತ್ತಿದ್ದ ಎಂಜಿನ್ನಿಗೆ ಊರಿ, ಅದರ ಮರದ ಹಿಡಿಕೆಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಸದ್ದನ್ನು ಹಲ್ಲಿನಿಂದ ಹಿಡಿಯುವವನಂತೆ ಕಣ್ಣು ಮುಚ್ಚಿದ್ದ. ಹಾಗೆ ಮಾಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಬಿಟ್ಟು, ಟಿಕ್ ಟಿಕ್ ಹೋಯಿತೇ ಎಂದು ಕೇಳಿದ. ಇಲ್ಲ ಎಂದೆ. ಮತ್ತೆ ಕೇಳಿದ. ಮತ್ತೆ ಇಲ್ಲ ಎಂದೆ. ಸದ್ದು ನನ್ನ ಕಿವಿಗೆ ಬಡಿಯುವಷ್ಟು ಜೋರಾಗಿತ್ತು. ಎದ್ದು ಅವನ ಎದುರಿಗೇ ಹೋಗಿ, ನಿನಗೆ ಕೇಳಿಸುತ್ತಿಲ್ಲವೇ ಎಂದೆ. ಅವನು ನನ್ನ ತುಟಿಗಳನ್ನು ನೋಡಿದ. ಎಂಜಿನ್ ಆರಿಸಿದ.

"ಗಂಡಸರ ಮಾತು ಕೇಳಸ್ತದ. ಎಂಜಿನ್ ದಡದಡ ಅನ್ನೂದು ಕೇಳಸ್ತದ. ಸಣ್ಣ ಅವಾಜ ಕೇಳಂಗಿಲ್ಲ. ನಿಂದೂ ಇಲ್ಲ, ನಿಮ್ಮವ್ವಂದೂ ಇಲ್ಲ."

ಮೊದಲು ನನಗಾದದ್ದು ಸಂತೋಷ. ಇಷ್ಟು ದಿನದ್ದು ಸಿಟ್ಟಲ್ಲ, ಪಾನಾ ಕಾರಣವಲ್ಲ. ಆಮೇಲೆ ಅವನು ಇನ್ನೊಂದು ಮಾತು ಹೇಳಿದ.

"ಯಾರಿಗೂ ಹೇಳಬ್ಯಾಡವ್ವಾ, ನಿಮ್ಮವ್ವಗೂ. ಮಿಸ್ತ್ರಿಗಿ ಕೇಳಂಗಿಲ್ಲಂದ್ರ ಗಾಡಿ ಯಾರು ತರ್ತಾರ?"

ಅಂದಿನಿಂದ ನಾನು ಅವನ ಕಿವಿಯಾದೆ. ನಾನು ಗಾಡಿಯ ಆಚೆ ಬದಿಗೆ, ಅವನಿಗೆ ಕಾಣುವಂತೆ ನಿಲ್ಲಬೇಕು. ಟಿಕ್ ಟಿಕ್ ಇದ್ದರೆ ಮುಷ್ಟಿ, ಹೋದರೆ ಬಿಚ್ಚಿದ ಅಂಗೈ. ನೋಡುವವರಿಗೆ ಮಿಸ್ತ್ರಿಯ ಮಗಳು ಸುಮ್ಮನೆ ಆಡುತ್ತ ನಿಂತಂತೆ. ಎಷ್ಟು ಹೆಮ್ಮೆಯೋ ಅಷ್ಟೇ ದಿಗಿಲು. ಕುಂಟೆಬಿಲ್ಲೆ ಆಡುವಾಗ ದೂರದಲ್ಲೊಂದು ಎಂಜಿನ್ ಕೇಳಿಸಿದರೆ ಬಿಲ್ಲೆ ಅಲ್ಲೇ ಬಿಟ್ಟು ಓಡುತ್ತಿದ್ದೆ. ಗೆಳತಿಯರು ಆಟಕ್ಕೆ ಕರೆಯುವುದನ್ನೇ ಬಿಟ್ಟರು. ಸಂತೆಗೆ ಕಳಿಸಿದರೆ ಸುಸಲಾ ತಿನ್ನಲು ಕೂಡ ನಿಲ್ಲದೆ ಮರಳುತ್ತಿದ್ದೆ. ನಾನಿಲ್ಲದಾಗ ಯಾರಾದರೂ ಬಂದು, ಅಪ್ಪ ಸುಮ್ಮನೆ ತಲೆಯಾಡಿಸಿ ಸಿಕ್ಕಿಬಿದ್ದರೆ ಎಂಬುದೊಂದೇ ಯೋಚನೆ.

ಮದುವೆಗಳ ದಿನಗಳು ಬಂದವು. ಬಸವಕಲ್ಯಾಣದಿಂದ ಜೀಪಿನ ವೈಜಿನಾಥ ಬಂದ. ಅವನ ತಂಗಿಯ ಮದುವೆ ಮೂರು ದಿನಕ್ಕಿತ್ತು. ಮನ್ನಾಏಖೇಳ್ಳಿಯಿಂದ ಮದುಮಗನನ್ನು ಇದೇ ಜೀಪಿನಲ್ಲಿ ಕರೆತರಬೇಕಿತ್ತು. ಜೀಪೋ ನಿಂತಲ್ಲಿ ಗಡಗಡ ನಡುಗುತ್ತಿತ್ತು, ಮೇಲೆ ಟಿಕ್ ಟಿಕ್.

"ಮಿಸ್ತ್ರಿ, ಬೀಗರು ಇದನ್ನ ಕೇಳಿದ್ರಂದ್ರ ಜೀಪ್ ಬ್ಯಾಡ, ಹೊಲಿಗಿ ಮಿಷಿನ್ ಮ್ಯಾಲೆ ಬರ್ತೀವಿ ಅಂತಾರ ನೋಡ್ರಿ" ಎಂದು ನಕ್ಕ.

ಅಪ್ಪನೂ ನಕ್ಕ. ಗಡಗಡವನ್ನು ತಾನೇ ಕೇಳಿ ಹದಕ್ಕೆ ತಂದ. ಆಮೇಲೆ ಮುಚ್ಚಳ ತೆಗೆದು ನನ್ನ ಕಡೆ ನೋಡಿದ. ಎಂಟು ವಾಲ್ವುಗಳು. ಒಂದೊಂದಕ್ಕೂ ತಿರುಪು ತಿರುಗಿಸಿ ಕಣ್ಣೆತ್ತುತ್ತಿದ್ದ. ಏಳು ಮುಗಿದವು. ಎಂಟನೆಯದು ತೀರ ಸಣ್ಣಗೆ, ಗಡಿಯಾರದಂತೆ ಬಡಿಯುತ್ತಲೇ ಇತ್ತು. ಮುಷ್ಟಿ ಹಿಡಿದೇ ನಿಂತೆ. ಅವನ ಹುಬ್ಬು ಗಂಟಾಯಿತು. ಇನ್ನಷ್ಟು ಬಿಗಿದ. ಮುಷ್ಟಿ. ಮತ್ತೂ ಬಿಗಿದ. ಸದ್ದು ಪೂರ್ತಿ ಅಡಗಿತು. ಅಂಗೈ ಬಿಚ್ಚಿದೆ. ವೈಜಿನಾಥ ಬಾನೆಟ್ಟಿಗೆ ಕಿವಿಯಿಟ್ಟು, ರೇಷ್ಮೆಯಂತಾಗಿದೆ ಎಂದು ಹೊಗಳಿದ. ಅಪ್ಪ ಘಾಸ್ಲೇಟ್ ಎಣ್ಣೆಯಲ್ಲಿ ಕೈ ತೊಳೆಯುತ್ತ ನನ್ನ ಕಡೆ ಕಣ್ಣು ಮಿಟುಕಿಸಿದ. ಆ ದಿನದಷ್ಟು ದೊಡ್ಡವಳು ನಾನು ಮತ್ತೆಂದೂ ಆಗಲಿಲ್ಲ.

ನನಗೆ ಗೊತ್ತಿಲ್ಲದ್ದು ಒಂದಿತ್ತು. ಕಬ್ಬಿಣ ಬಿಸಿಯಾದಂತೆ ಬೆಳೆಯುತ್ತದೆ. ಅದು ಬೆಳೆಯಲು ಸಂದು ಉಳಿಸಬೇಕು, ಸಂದು ಉಳಿದರೆ ಸಣ್ಣ ಸದ್ದು ಇದ್ದೇ ಇರುತ್ತದೆ. ಪೂರ್ತಿ ಸದ್ದಡಗಿದ ವಾಲ್ವು ಬಿಸಿಯಲ್ಲಿ ಸರಿಯಾಗಿ ಮುಚ್ಚಿಕೊಳ್ಳದೆ ಸುಡುತ್ತದೆ. ಎರಡು ದಿನ ಜೀಪು ಮದುವೆಯ ಸಾಮಾನು ಹೊತ್ತು ಓಡಾಡಿತು. ಮೂರನೆಯ ಬೆಳಿಗ್ಗೆ, ಬಾಸಿಂಗ ಕಟ್ಟಿದ ಮದುಮಗನನ್ನು ಕೂರಿಸಿಕೊಂಡು ಹೊರಟದ್ದು, ರಾಜೇಶ್ವರ ದಾಟಿ ಬಿಸಿಲಲ್ಲಿ ನಿಂತುಬಿಟ್ಟಿತು. ಮದುಮಗ ಲಾರಿಯೊಂದರಲ್ಲಿ ಜೋಳದ ಚೀಲಗಳ ಮೇಲೆ ಕೂತು ಬಸವಕಲ್ಯಾಣ ಸೇರಿದ. ಅಕ್ಷತೆಯ ಹೊತ್ತು ಮೀರಿತ್ತು. ಬೀಗರು ಆಡಬಾರದ್ದನ್ನು ಆಡಿದ್ದರು.

ಮರುದಿನ ವೈಜಿನಾಥ ಬಂದಾಗ ಜೀಪು ಎತ್ತಿನ ಗಾಡಿಯ ಹಿಂದೆ ಹಗ್ಗದಲ್ಲಿತ್ತು. ಓಣಿಯ ನಾಲ್ಕು ಜನ ಕೂಡಿದರು. ಅವ್ವ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದಳು. ವೈಜಿನಾಥ ಅವತ್ತು ಮರ್ಯಾದೆಯ ಮಾತು ಬಿಟ್ಟಿದ್ದ.

"ಏನು ಮಿಸ್ತ್ರಿ, ನಿನ್ನ ಕಿವಿ ಸತ್ತಾವೇನು? ನನ್ನ ತಂಗಿ ಅಕ್ಷತಾ ಹೊತ್ತಿಗಿ ಅಳಕೋತ ಕೂತಿತ್ತು."

ಅಪ್ಪ ಮುಚ್ಚಳ ತೆಗೆದು ನೋಡುತ್ತಿದ್ದ. ವೈಜಿನಾಥನ ಕಣ್ಣು ನನ್ನ ಮೇಲೆ ಬಿತ್ತು. ಅವತ್ತು ಈ ಹುಡುಗಿ ಕೈ ಮುಚ್ಚಿ ಬಿಚ್ಚಿ ಮಾಡುತ್ತಿತ್ತು, ಅದನ್ನು ನೋಡಿ ನೋಡಿ ನೀನು ತಿರುಪು ಬಿಗಿಯುತ್ತಿದ್ದೆ, ಸಣ್ಣ ಹುಡುಗಿಯ ಕೈಗೆ ನನ್ನ ಗಾಡಿ ಕೊಟ್ಟಿದ್ದೆಯಾ ಎಂದು ಕೇಳಿದ. ಅಪ್ಪ ಇಲ್ಲ ಅಂದುಬಿಡಲಿ, ನಾನು ಆಡುತ್ತಿದ್ದೆ ಅಂದುಬಿಡಲಿ ಎಂದು ಬೇಡಿಕೊಂಡೆ. ಹಾಗಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಒಂದು ತಪ್ಪು ಯಾವ ಮಿಸ್ತ್ರಿಗಾದರೂ ಆಗುತ್ತದೆ.

ಅಪ್ಪ ಕೈ ಒರೆಸಿಕೊಂಡು ಎದ್ದು ನನ್ನ ಮುಂದೆ ಬಂದು ನಿಂತ.

"ಹುಡುಗಿ ಖರೇನೇ ಹೇಳ್ಯಾಳ ಸಾವಕಾರ. ಅವಾಜ ಹೋಗಿತ್ತು. ಎಷ್ಟು ಉಳಿಸಬೇಕಂತ ಆಕಿಗಿ ನಾ ಕಲಿಸಿದ್ದಿಲ್ಲ. ಕಿವಿ ಸತ್ತಾವ, ನಿಮ್ಮ ಮಾತು ಖರೆ. ವರ್ಷ ಆತು."

ಆಮೇಲೆ ವೈಜಿನಾಥ, ಹೋಗಲಿ ಬಿಡ್ರಿ ಎಂದು ಗಂಟಲು ಹರಿಯುವಂತೆ ಕೂಗಿ ಹೇಳಿದ. ಅವನ ಮಾತು ಅಪ್ಪನಿಗೆ ಸರಿಯಾಗಿಯೇ ಕೇಳಿಸುತ್ತಿತ್ತು. ಆದರೂ ಅಂದಿನಿಂದ ಊರೆಲ್ಲ ಅಪ್ಪನ ಹತ್ತಿರ ಕೂಗಿಯೇ ಮಾತಾಡಿತು.

ಜನ ಚದುರಿದ ಮೇಲೆ ಅವ್ವ ಕೈ ತೊಳೆದುಕೊಂಡು ಬಂದಳು. ವರ್ಷವಿಡೀ ಒದರಿದವಳು ಅವತ್ತು ಒದರಲಿಲ್ಲ. ಗೋಣಿತಟ್ಟಿನ ಎದುರಿಗೆ ಬಂದು ಕೂತು, ಅಪ್ಪ ಕಣ್ಣೆತ್ತುವವರೆಗೆ ಕಾದು, ತುಟಿ ಕಾಣುವಂತೆ ಮೆಲ್ಲಗೆ ಕೇಳಿದಳು: "ಉಣ್ತೀರೇನ್ರಿ?"

ಅಪ್ಪ ಹೊಸ ವಾಲ್ವು ತರಿಸಿ ಆ ಜೀಪನ್ನು ತಾನೇ ನೆಟ್ಟಗೆ ಮಾಡಿಕೊಟ್ಟ. ಎಷ್ಟು ಸದ್ದು ಉಳಿಯಬೇಕೆಂಬುದನ್ನು ಆಗ ನನಗೆ ಕೇಳಿಸಿ ಕಲಿಸಿದ. ಕಲಿತು ಪ್ರಯೋಜನವಾಗಲಿಲ್ಲ. ಅವನೇ ಅಂದಿದ್ದಂತೆ ಗಾಡಿಗಳು ಬರುವುದು ಕಡಿಮೆಯಾಗುತ್ತ ಬಂತು, ಮಳೆಗಾಲ ಮುಗಿಯುವ ಹೊತ್ತಿಗೆ ನಿಂತೇಹೋಯಿತು. ಅಪ್ಪ ದಿನಾ ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಹೋಗಿ, ಪಂಪಿನ ಅಂಗಡಿಯೊಂದರಲ್ಲಿ ಪೈಪು ಜೋಡಿಸತೊಡಗಿದ. ನನ್ನಿಂದಾಗಿ ಹೀಗಾಯಿತು ಎಂದು ಮುಂದೆ ಎಷ್ಟೋ ಸಲ ಹೇಳಲು ಹೋದೆ. ಪ್ರತಿಸಲವೂ ಮುಖ ಆಚೆ ತಿರುಗಿಸಿಬಿಡುತ್ತಿದ್ದ. ಮುಖ ತಿರುಗಿಸಿದರೆ ಅವನಿಗೆ ಕೇಳಿಸುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಈಗಿನ ಗಾಡಿಗಳಲ್ಲಿ ವಾಲ್ವುಗಳು ತಾವೇ ಸಂದು ಹಿಡಿದುಕೊಳ್ಳುತ್ತವಂತೆ. ಓಣಿಗೆ ಬರುವ ಗಾಡಿ ಯಾರದೆಂದು ಬಾಗಿಲಿಗೆ ಬಂದು ನೋಡಿದರೂ ತಿಳಿಯುವುದಿಲ್ಲ. ಅದಕ್ಕೇನೂ ದುಃಖವಿಲ್ಲ. ನಮ್ಮ ಮನೆಯಲ್ಲಿ ಈಗ ಎಲ್ಲರ ಕಿವಿಯೂ ಚೆನ್ನಾಗಿದೆ. ಒಳಗಿನಿಂದ ಕೇಳಿದರೆ ಹೊರಗಿನಿಂದ ಉತ್ತರ ಬರುತ್ತದೆ. ಯಾರೂ ಎದ್ದು ಬರುವುದಿಲ್ಲ. ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ನನಗೆ ಮಾತ್ರ ಅಭ್ಯಾಸ ಹೋಗಿಲ್ಲ. ನಿನ್ನೆ ಸಂಜೆ ಸೊಸೆಯ ಎದುರಿಗೆ ಹೋಗಿ, ಅವಳು ತಲೆಯೆತ್ತಲೆಂದು ಕಾಯುತ್ತ ನಿಂತಿದ್ದೆ. ಅವಳು ಗಾಬರಿಯಾಗಿ, "ಏನಾತ್ರಿ ಅತ್ತಿ?" ಎಂದಳು.

"ಏನಿಲ್ಲವ್ವಾ. ಚಾ ಕುಡೀತಿಯೇನು ಅಂತ ಕೇಳಾಕ ಬಂದೆ" ಎಂದೆ.