ಟೈರಿನ ಭುಜದ ಮೇಲೊಂದು ಸುಣ್ಣದ ಗೆರೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಳಕೆ ತಪ್ಪಿದ ವಿಮಾನಪಟ್ಟಿಯ ಬಿರುಕುಬಿಟ್ಟ ಕಾಂಕ್ರೀಟಿನ ಮೇಲೆ ಮಂಡಿಯೂರಿದ ಟೈರಕ್ಕ, ಪುಟ್ಟ ಕೆಂಪು ಕಾರಿನ ಟೈರುಗಳ ಭುಜಕ್ಕೆ, ಅಂದರೆ ಪಕ್ಕೆಗೆ ಹೊರಳುವ ಅಂಚಿಗೆ, ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದಾರೆ. ಕಾರು ಓಡಿಸುವ ಅವರ ನಾದಿನಿ ಹೆಲ್ಮೆಟ್ಟನ್ನು ಕೂಸಿನಂತೆ ಸೊಂಟಕ್ಕೇರಿಸಿಕೊಂಡು ಶತಪಥ ಹಾಕುತ್ತಿದ್ದಾಳೆ.

"ಅತ್ತಿಗೆ, ಗೀಚಿದ್ದು ಸಾಕು. ಅದೇನು ಕರಿಹಲಗೇನಾ?"

"ನೀನು ಸುಮ್ನಿದ್ರೆ ಅದು ಮಾತಾಡುತ್ತೆ ಕಣೇ."

ಇಂದು ವರ್ಷದ ಕೊನೆಯ ಆಟೊಕ್ರಾಸ್. ಬಯಲಿನಲ್ಲಿ ಕಿತ್ತಳೆ ಬಣ್ಣದ ಶಂಕುಗಳನ್ನು ನೆಟ್ಟು ಮಾಡಿದ ಸುತ್ತುಹಾದಿಯಲ್ಲಿ ಒಂದೊಂದೇ ಕಾರು ಓಡುತ್ತದೆ, ಎಲ್ಲರಿಗಿಂತ ಕಡಿಮೆ ಸಮಯದಲ್ಲಿ ಮುಗಿಸಿದವರಿಗೆ ಗೆಲುವು. ಒಬ್ಬೊಬ್ಬರಿಗೆ ಎರಡೇ ಓಟ. ಹೋದ ತಿಂಗಳು ಕಾರಿನ ಮೂತಿ ತಿರುವಿನಲ್ಲಿ ಮಾತು ಕೇಳದಿದ್ದಾಗ, "ಹಿಂದಿನ ಸಸ್ಪೆನ್ಷನ್ ಗಟ್ಟಿ ಮಾಡು" ಎಂದು ನಾದಿನಿ ಹಠ ಹಿಡಿದಳು. ಟೈರಕ್ಕ ಸುಣ್ಣ ಹಚ್ಚಿ ನೋಡದೆಯೇ ತಿರುಪು ಬಿಗಿದರು. ಕಾರು ಬಾಲ ಬೀಸಿ ಬುಗುರಿಯಾಯಿತು, ಶಂಕುಗಳು ಚೆಲ್ಲಾಪಿಲ್ಲಿ. ಆ ರಾತ್ರಿ ಊಟದ ಮೇಜಿನಲ್ಲಿ ಎಲ್ಲರೆದುರು ನಾದಿನಿ ಘೋಷಿಸಿದಳು: "ಇನ್ನೊಂದ್ಸಲ ಹೀಗಾದ್ರೆ ಹೊರಗಿನ ಮೆಕ್ಯಾನಿಕ್‌ನ ಕರೀತೀನಿ."

"ಸೋತಿದ್ದಕ್ಕೆ ಬೇಜಾರಾಗ್ಲಿಲ್ಲ. 'ಹೊರಗಿನ' ಅಂದ್ಳಲ್ಲ, ಆ ಮಾತು ಚುಚ್ಚಿತು" ಎನ್ನುತ್ತಾರೆ ಟೈರಕ್ಕ, ತಮ್ಮ ಬಗ್ಗೆ ಬರೆಯಲು ಬಂದ ನನ್ನೊಡನೆ.

ಒಳಗಿನವರಾಗಲು ಅವರು ಬಹಳ ದೂರ ಬಂದಿದ್ದಾರೆ. ಮದುವೆಯಾಗಿ ಬಂದದ್ದು ಟೈರು ಅಂಗಡಿಯ ಹಿಂದಿನ ಎರಡು ಕೋಣೆಗಳಿಗೆ. ತಲೆದಿಂಬಿಗೂ ರಬ್ಬರ್ ವಾಸನೆ. ಗಂಡನ ಬೆನ್ನು ಕೈಕೊಟ್ಟ ಮೇಲೆ ಜ್ಯಾಕು, ಸ್ಪ್ಯಾನರು ಇವರ ಪಾಲಿಗೆ ಬಂದವು. ದಿನಕ್ಕೆ ಮೂವತ್ತು ಟೈರು ಎತ್ತಿ ಇಳಿಸುವ ಮಣಿಕಟ್ಟಿಗೆ ಬಳೆಯ ಬದಲು ಪಟ್ಟಿ. ಗಿರಾಕಿಗಳು ಇವರ ಮುಖ ನೋಡಿಯೇ "ಮೆಕ್ಯಾನಿಕ್ ಎಲ್ಲಿ?" ಎನ್ನುತ್ತಾರೆ. "ಊಟಕ್ಕೆ ಹೋಗಿದಾನೆ, ಬರೋಷ್ಟರಲ್ಲಿ ನಾನು ಮುಗಿಸ್ಬಿಡ್ತೀನಿ ಅಂತೀನಿ" ಎಂದು ನಗುತ್ತಾರೆ.

ಇಂದು ನೆಲ ತಣ್ಣಗಿದೆ. ಗಟ್ಟಿ ಟೈರು ಬಿಸಿಯೇರಿ ನೆಲಕ್ಕೆ ಅಂಟುವಷ್ಟರಲ್ಲಿ ಓಟವೇ ಮುಗಿದಿರುತ್ತದೆ. ಹಾಗಾಗಿ ಮೆತ್ತನೆಯ ಟೈರುಗಳನ್ನು ಹಾಕಿದ್ದಾರೆ. ಹಿಂದಿನ ಸಸ್ಪೆನ್ಷನ್ ಸಡಿಲಿಸಿ ಮೊದಲಿನಂತೆ ಮಾಡಿದ್ದಾರೆ. ಬಾವುಟ ಬೀಳುತ್ತದೆ, ಕಾರು ಚಿಮ್ಮುತ್ತದೆ, ನನ್ನ ಎದೆ ಅದರ ಹಿಂದೆಯೇ ಓಡುತ್ತದೆ. ಮೂರನೆಯ ತಿರುವಿನಲ್ಲಿ ಮೂತಿ ಮತ್ತೆ ಮುನಿಸಿಕೊಂಡು ಅಗಲಕ್ಕೆ ಜಾರುತ್ತದೆ. ಓಟ ಮುಗಿಸಿದ ನಾದಿನಿ ಕಾರಿನಿಂದ ಇಳಿಯುತ್ತಲೇ ಕೂಗುತ್ತಾಳೆ:

"ನೋಡಿದ್ಯಾ! ಹಿಂದೆ ಬಿಗಿ ಮಾಡು ಅತ್ತಿಗೆ, ಬೇಗ!"

ಟೈರಕ್ಕ ಸ್ಪ್ಯಾನರ್ ಮುಟ್ಟುವುದಿಲ್ಲ. ಮುಂದಿನ ಟೈರಿನ ಎದುರು ಕೂರುತ್ತಾರೆ. ಭುಜದ ಮೇಲೆ ಅಚ್ಚಾದ ಬಾಣದ ಗುರುತನ್ನು ದಾಟಿ ಸುಣ್ಣ ಅಳಿಸಿಹೋಗಿದೆ. ಅಂದರೆ ತಿರುವಿನಲ್ಲಿ ಟೈರು ತನ್ನ ಪಕ್ಕೆಯ ಮೇಲೆಯೇ ಮಗುಚಿದೆ.

"ಬಿಗಿಯೂ ಬೇಡ, ಸಡಿಲವೂ ಬೇಡ. ಇದಕ್ಕೆ ಉಸಿರು ಕಮ್ಮಿಯಾಗಿದೆ."

"ತಪ್ಪಾದ್ರೆ?"

"ತಪ್ಪಾದ್ರೆ ಹೊರಗಿನವನನ್ನ ಕರಿ. ಈಗ ಹತ್ತು."

ಮುಂದಿನ ಎರಡೂ ಟೈರುಗಳಿಗೆ ಗಾಳಿ ತುಂಬಿ, ಹೊಸ ಗೆರೆ ಎಳೆಯುತ್ತಾರೆ. ಎರಡನೆಯ ಓಟ. ಮೊದಲ ತಿರುವು, ಎರಡನೆಯದು, ಮೂರನೆಯದು! ಕರೆದ ಕಡೆಗೆ ತಿರುಗುವ ಮಗುವಿನಂತೆ ಮೂತಿ ಒಳಕ್ಕೆ ಬರುತ್ತದೆ. ಒಂದು ಶಂಕುವೂ ಅಲುಗುವುದಿಲ್ಲ. ಫಲಕದಲ್ಲಿ ಎಲ್ಲರಿಗಿಂತ ಕಡಿಮೆ ಸಮಯ ಮಿನುಗಿದಾಗ ನಾನು ಯಾರದೋ ತೋಳು ಹಿಡಿದು ಕುಣಿಯುತ್ತಿದ್ದೇನೆ.

ನಾದಿನಿ ಇಳಿದು ಬಂದು ಅತ್ತಿಗೆಯ ಗ್ರೀಸು ಮೆತ್ತಿದ ಹೆಗಲಿಗೆ ಹಣೆ ಹಚ್ಚುತ್ತಾಳೆ. ಅಲ್ಲಿಂದಲೇ ಕೂಗುತ್ತಾಳೆ: "ಯಾರ್ರೀ ಕೇಳಿದ್ದು ಮೆಕ್ಯಾನಿಕ್ ಎಲ್ಲಿ ಅಂತ? ಇಲ್ಲಿದಾಳೆ! ನಮ್ಮನೆಯವಳು!"

ಟೈರಕ್ಕ ಮುಖ ತಿರುಗಿಸಿ ಟೈರು ತೋರಿಸುತ್ತಾರೆ. ಸುಣ್ಣ ಅಳಿಸಿದ್ದು ಬಾಣದ ತುದಿಗೆ ಸರಿಯಾಗಿ ನಿಂತಿದೆ. "ನೋಡಿ, ಗೆರೆ ದಾಟಿಲ್ಲ."

ನಿಮಗೇನು ಆಸೆ ಎಂದು ಕೇಳುತ್ತೇನೆ. ಅವರ ಕಣ್ಣು ಖಾಲಿಯಾದ ಸುತ್ತುಹಾದಿಯ ಮೇಲಿದೆ.

"ಒಂದ್ಸಲ ನಾನೇ ಓಡಿಸಿ ನೋಡ್ಬೇಕು. ಗೆರೆ ಸ್ವಲ್ಪ ದಾಟಿದ್ರೂ ಪರವಾಗಿಲ್ಲ."