ಎರಡು ವರ್ಷ ನಾನು ಅಳೆದದ್ದು

ಆ ಗುರುವಾರ ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಾನು ಜಾದವ್‌ಪುರ ವಿಶ್ವವಿದ್ಯಾಲಯದ ನಮ್ಮ ವಿಭಾಗದ ಮೂರನೆಯ ಮಹಡಿಯಲ್ಲಿ, ಲ್ಯಾಬಿನ ಬಾಗಿಲಿನಿಂದ ಎರಡನೆಯ ಮೇಜಿನ ಹಿಂದೆ ನಿಂತಿದ್ದೆ. ನನ್ನ ಮುಂದೆ ಕುರ್ಚಿಯಲ್ಲಿ ನಮ್ಮ ಲ್ಯಾಬಿನ ಪಿಎಚ್‌ಡಿ ವಿದ್ಯಾರ್ಥಿನಿ ಕುಳಿತಿದ್ದಳು. ಪರದೆಗೂ ನನ್ನ ಕಣ್ಣಿಗೂ ನಡುವೆ ಎರಡು ಮೊಳ ದೂರವಿತ್ತು, ಅಡ್ಡ ಏನೂ ಇರಲಿಲ್ಲ. ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣ, ಪರದೆಯ ಮೂಲೆಯಲ್ಲಿ ಗಡಿಯಾರವಿತ್ತು. ನೋಡಬಾರದ್ದನ್ನು ನೋಡಿದಾಗ ಕಣ್ಣು ತಪ್ಪಿಸಿಕೊಂಡು ಪಕ್ಕದಲ್ಲಿರುವುದನ್ನು ನೋಡುತ್ತದೆ. ನಾನು ಗಡಿಯಾರ ನೋಡಿದೆ.

ನನ್ನ ಕೆಲಸ ಅಳೆಯುವುದು. ಧಾರವಾಡದಿಂದ ಇಲ್ಲಿಗೆ ಬಂದು ಒಂಬತ್ತು ವರ್ಷ. ಅಷ್ಟೂ ವರ್ಷ ನಾನು ಅಳೆದದ್ದು ಒಂದನ್ನೇ: ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮಾಹಿತಿ ಹೋಗುವಾಗ ನಿಮಿಷಕ್ಕೆ ಎಷ್ಟು ದಾಟುತ್ತದೆ, ಮತ್ತು ಒಂದೊಂದು ತುಣುಕಿಗೆ ದಾಟಲು ಎಷ್ಟು ಹೊತ್ತು ಹಿಡಿಯುತ್ತದೆ. ಇದನ್ನು ವಿವರಿಸಲು ನಾನು ಹೌರಾ ಸೇತುವೆಯ ಉದಾಹರಣೆ ಕೊಡುತ್ತಿದ್ದೆ. ಸಂಜೆ ಎಲ್ಲರೂ ಒಟ್ಟಿಗೆ ನುಗ್ಗಿದರೆ ಸೇತುವೆಯೇನೋ ತುಂಬಿರುತ್ತದೆ, ಆದರೆ ಯಾರೂ ರೈಲು ಹಿಡಿಯುವುದಿಲ್ಲ. ಆದ್ದರಿಂದ ಯಾವಾಗ ನುಗ್ಗಬೇಕು, ಯಾವಾಗ ತಡೆಯಬೇಕು ಎನ್ನುವುದಕ್ಕೆ ಕಳಿಸುವ ಕಂಪ್ಯೂಟರಿನಲ್ಲಿ ಒಂದು ನಿಯಮವಿರಬೇಕು. ಅಂಥ ನಿಯಮಗಳು ಹಲವು. ನಾನು ಹೋಲಿಸಿದ್ದು ಮೂರನ್ನು. ರೀನೋ ಎನ್ನುವುದು ನಿಧಾನವಾಗಿ ವೇಗ ಹೆಚ್ಚಿಸುತ್ತಾ ಹೋಗಿ, ಏನಾದರೂ ಕಳೆದುಹೋದ ಕೂಡಲೇ ಅರ್ಧಕ್ಕೆ ಇಳಿಯುತ್ತದೆ. ಕ್ಯೂಬಿಕ್ ಪೆಟ್ಟು ತಿಂದ ಜಾಗದ ಹತ್ತಿರಕ್ಕೆ ಬೇಗ ಮರಳಿ, ಅಲ್ಲಿ ಸ್ವಲ್ಪ ಸುಧಾರಿಸಿಕೊಂಡು ಮತ್ತೆ ನುಗ್ಗುತ್ತದೆ. ಬಿಬಿಆರ್ ಸೇತುವೆಯ ಅಗಲವನ್ನು ಅಂದಾಜು ಮಾಡಿ ಅಷ್ಟನ್ನೇ ಬಿಡುತ್ತದೆ. ಈ ಉದಾಹರಣೆಯನ್ನು ನಾನು ವಿದ್ಯಾರ್ಥಿಗಳಿಗೆ ಹೇಳಿದ್ದೇನೆ, ಹೆಂಡತಿಗೆ ಹೇಳಿದ್ದೇನೆ, ಮೀನಿನ ಅಂಗಡಿಯ ಮುಂದೆ ನಿಂತು, ಮೀನು ತಿನ್ನದ ನಾನು, ಮೀನು ಕೊಳ್ಳಲು ಬಂದ ನೆರೆಯವರಿಗೂ ಹೇಳಿದ್ದೇನೆ. ಅವರು ಮೀನಿನ ಕಣ್ಣನ್ನೇ ನೋಡುತ್ತಾ ಹೂಂಗುಟ್ಟಿದರು.

ಅಳತೆ ನಡೆದದ್ದು ನಮ್ಮ ಲ್ಯಾಬಿನ ಒಂದು ಯಂತ್ರಕ್ಕೂ ನದಿಯಾಚೆ ಒಂದು ಕಾಲೇಜಿನಲ್ಲಿ ನಾವಿಟ್ಟಿದ್ದ ಯಂತ್ರಕ್ಕೂ ನಡುವೆ. ಎರಡು ವರ್ಷ, ರಜಾ ದಿನ ಬಿಟ್ಟು, ಒಂದು ದಿನವೂ ತಪ್ಪಿಸಲಿಲ್ಲ. ನಾನು ಶಿಸ್ತಿನ ಮನುಷ್ಯ. ಹಾಗೆಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ. ಬೆಳಗ್ಗೆ ಒಂಬತ್ತೂವರೆಗೆ ಬಿಬಿಆರ್. ಮಧ್ಯಾಹ್ನ ಒಂದಕ್ಕೆ ರೀನೋ. ಸಂಜೆ ಐದೂವರೆಗೆ ಕ್ಯೂಬಿಕ್. ಪ್ರತಿ ದಿನ ಅದೇ ಕ್ರಮ, ಅದೇ ಕುರ್ಚಿ. ದೇವರ ಪೂಜೆಯನ್ನು ನಾನು ಇಷ್ಟು ಕ್ರಮವಾಗಿ ಮಾಡಿದ್ದರೆ ಅಮ್ಮ ಸಂತೋಷಪಡುತ್ತಿದ್ದಳು.

ಫಲಿತಾಂಶ ಬಹಳ ಚೆನ್ನಾಗಿ ಬಂತು. ಗ್ರಾಫಿನಲ್ಲಿ ಮೂರು ಗೆರೆಗಳು ಮೂರು ಬೇರೆ ಬೇರೆ ಎತ್ತರದಲ್ಲಿ, ಒಂದನ್ನೊಂದು ಮುಟ್ಟದೆ ಓಡಿದವು. ಬಿಬಿಆರ್‌ನಲ್ಲಿ ತಡ ಎಲ್ಲಕ್ಕಿಂತ ಕಡಿಮೆ, ರೀನೋದಲ್ಲಿ ಎಲ್ಲಕ್ಕಿಂತ ಹೆಚ್ಚು. ಎಲ್ಲರೂ ನಿರೀಕ್ಷಿಸಿದ್ದೇ ಬಂದಿತ್ತು, ಆದ್ದರಿಂದ ಯಾರೂ ಏನೂ ಕೇಳಲಿಲ್ಲ. ಪ್ರಬಂಧ ಅಚ್ಚಾಯಿತು. ರೀನೋವಿನ ಅಂಜುಬುರುಕ ಸ್ವಭಾವದ ಬಗ್ಗೆಯೇ ಅದರಲ್ಲಿ ಎರಡು ಪುಟ ಬರೆದಿದ್ದೆ. ನಮ್ಮ ಮಾರ್ಗದರ್ಶಕರು, ಕಡಿಮೆ ಮಾತಿನ ಬಂಗಾಳಿ, ಆ ಎರಡು ಪುಟಗಳ ಅಂಚಿನಲ್ಲಿ 'ಸುಂದರ' ಎಂದು ಪೆನ್ಸಿಲಿನಲ್ಲಿ ಬರೆದುಕೊಟ್ಟರು. ಆ ಹಾಳೆಯನ್ನು ನಾನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟೆ.

ಆ ವಿದ್ಯಾರ್ಥಿನಿ ಸೇರಿದ್ದು ಅದಾದ ಮೇಲೆ. ಅಪ್ಪ ಮೈಸೂರಿನ ಕಡೆಯವರು, ಖಿದಿರ್‌ಪುರದ ಬಂದರಿನಲ್ಲಿ ನೌಕರಿ. ಅವಳು ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆಡಲು ಹೊರಟರೆ ಅರ್ಧ ದಾರಿಯಲ್ಲಿ ಇಂಗ್ಲಿಷಿಗೋ ಹಿಂದಿಗೋ ಇಳಿದುಬಿಡುತ್ತಾಳೆ. ಇಲ್ಲಿಯ ರೂಢಿಯಂತೆ ನನ್ನನ್ನು ದಾದಾ, ಎಂದರೆ ಅಣ್ಣ, ಎನ್ನುತ್ತಿದ್ದಳು. ದಿನದಿನದ ಕೆಲಸದಲ್ಲಿ ಅವಳನ್ನು ನೋಡಿಕೊಳ್ಳುವ ಹೊಣೆಯನ್ನು ಮಾರ್ಗದರ್ಶಕರು ನನಗೆ ವಹಿಸಿದ್ದರು. ಅವಳ ಪಿಎಚ್‌ಡಿ ಕೆಲಸ ನಿಂತಿದ್ದು ನನ್ನ ಪ್ರಬಂಧದ ಮೇಲೆ. ಮೊದಲು ನನ್ನ ಫಲಿತಾಂಶವನ್ನು ತಾನೇ ಅಳೆದು ಪಡೆಯಬೇಕು, ಆಮೇಲೆ ಅದರಾಚೆಗೆ ಹೋಗಬೇಕು. ಒಂದು ಸಲ ಅದು ಆಗಲಿಲ್ಲ. ಸಮಿತಿ ಆರು ತಿಂಗಳು ಕೊಟ್ಟು, ಈ ಸಲವೂ ಆಗದಿದ್ದರೆ ಅವಳ ನೋಂದಣಿಯನ್ನು ಮುಂದುವರಿಸುವುದಿಲ್ಲ ಎಂದು ಬರೆದು ತಿಳಿಸಿತ್ತು. ಆ ಆರು ತಿಂಗಳು ಮುಗಿಯುವುದು ನಾನು ಹೇಳುತ್ತಿರುವ ಗುರುವಾರದ ಮುಂದಿನ ಸೋಮವಾರಕ್ಕೆ.

ಅವಳು ಅಳೆದದ್ದು ಅದೇ ಯಂತ್ರದಲ್ಲಿ, ಯಂತ್ರಕ್ಕೆ ಆದೇಶಗಳನ್ನು ತಾನಾಗಿ ಒಂದೊಂದೇ ಕೊಡುತ್ತಾ ಹೋಗುವ, ನಾನು ಬರೆದುಕೊಟ್ಟ ಅದೇ ಸ್ಕ್ರಿಪ್ಟಿನಿಂದ. ಆದರೆ ಅವಳಿಗೆ ನನ್ನ ಹಾಗೆ ಹೊತ್ತಿನ ಕಟ್ಟಳೆ ಇರಲಿಲ್ಲ. ಲೋಕಲ್ ರೈಲು ತಪ್ಪಿದರೆ ಹನ್ನೊಂದಕ್ಕೆ ಬರುತ್ತಿದ್ದಳು, ಸಿಕ್ಕರೆ ಒಂಬತ್ತಕ್ಕೆ. ಬಂದು ಕುಳಿತವಳೇ ಮೂರು ನಿಯಮಗಳನ್ನೂ ಕಲಸಿ, ಹತ್ತು ಹತ್ತು ನಿಮಿಷಕ್ಕೆ ಒಂದರ ಹಿಂದೆ ಒಂದನ್ನು ಓಡಿಸುತ್ತಿದ್ದಳು. ಅವಳ ಗ್ರಾಫಿನಲ್ಲಿ ಮೂರು ಗೆರೆಗಳೂ ಒಂದರ ಮೇಲೊಂದು ಮಲಗಿರುತ್ತಿದ್ದವು.

ಇದನ್ನು ಸರಿಪಡಿಸಲು ನಾನು ಮೂರು ವಾರ ಶ್ರಮಿಸಿದೆ. ಎಂದರೆ ಮೂರು ವಾರ ಬೈದೆ. ಶಿಸ್ತಿಲ್ಲ ಎಂದೆ. ಅಳತೆ ಎನ್ನುವುದು ಸಂಗೀತದಂತೆ, ದಿನವೂ ಅದೇ ಹೊತ್ತಿಗೆ ಕುಳಿತು ಸಾಧನೆ ಮಾಡಬೇಕು ಎಂದೆ. ನನಗೆ ಸಂಗೀತ ಬರುವುದಿಲ್ಲ. ಒಂದು ದಿನ ಅವಳ ಗ್ರಾಫನ್ನು ಮುದ್ರಿಸಿ, ನನ್ನದನ್ನು ಪಕ್ಕದಲ್ಲಿಟ್ಟು, ವ್ಯತ್ಯಾಸವೇನು ಹೇಳು ಎಂದು ಕೇಳಿದೆ. ಅವಳು ಬಹಳ ಹೊತ್ತು ಎರಡನ್ನೂ ನೋಡಿ, "ನಿಮ್ದು ನೋಡೋಕೆ ಚೆನ್ನಾಗಿದೆ ದಾದಾ" ಎಂದಳು. ಅದನ್ನು ನಾನು ಹೊಗಳಿಕೆ ಎಂದು ತೆಗೆದುಕೊಂಡೆ.

ಆ ಗುರುವಾರ ಅವಳು ಬೇಸತ್ತು ಸ್ಕ್ರಿಪ್ಟನ್ನು ಬದಿಗಿಟ್ಟಳು. ನಾನು ಹಿಂದೆ ಬಂದು ನಿಂತದ್ದು ಅವಳಿಗೆ ಗೊತ್ತಿತ್ತು. ನಿಯಮ ಬದಲಿಸುವ ಆದೇಶವನ್ನು ಅವಳು ಒಂದೊಂದೇ ಅಕ್ಷರವಾಗಿ ಕೈಯಿಂದಲೇ ಬರೆದು ಒತ್ತಿದಳು. ಯಂತ್ರ ಒಂದು ಸಾಲಿನ ಉತ್ತರ ಕೊಟ್ಟಿತು: ಅನುಮತಿ ಇಲ್ಲ.

ಅವಳು ಇನ್ನೊಂದು ನಿಯಮದ ಹೆಸರು ಬರೆದಳು. ಅನುಮತಿ ಇಲ್ಲ. ಈಗ ಯಾವ ನಿಯಮ ನಡೆಯುತ್ತಿದೆ ಎಂದು ಕೇಳಿದಳು. ಕ್ಯೂಬಿಕ್, ಎಂದಿತು ಯಂತ್ರ. ಏನೂ ಬದಲಿಸದಿದ್ದರೆ ಆ ಯಂತ್ರ ನಡೆಸುವುದು ಅದನ್ನೇ.

ಕಿಟಕಿಯ ಬಳಿ ಏಣಿಯ ಮೇಲೆ ನಮ್ಮ ಲ್ಯಾಬಿನ ಹಿರಿಯ ತಂತ್ರಜ್ಞರು ಟ್ಯೂಬ್‌ಲೈಟ್ ಬದಲಿಸುತ್ತಿದ್ದರು. ಅವರಿಗೆ ಅಲ್ಲಿಂದ ಪರದೆ ಕಾಣುತ್ತಿತ್ತು. ಇಂಥ ಯಂತ್ರಗಳ ಖಾತೆಗಳನ್ನು ಅವರೇ ಮಾಡಿಕೊಡುವುದು. ಅವರು ಹಳೆಯ ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ, ಬಂಗಾಳಿಯಲ್ಲಿ, ಬಹಳ ಸಹಜವಾಗಿ, ಆ ಖಾತೆಗೆ ನಿಯಮ ಬದಲಿಸುವ ಅಧಿಕಾರ ಎಂದೂ ಇರಲಿಲ್ಲವಲ್ಲ, ನೀವು ಕೇಳಿಯೂ ಇರಲಿಲ್ಲ ಎಂದರು.

ಅವಳು ಕುರ್ಚಿಯಲ್ಲೇ ತಿರುಗಿ ನನ್ನನ್ನು ನೋಡಿದಳು. "ದಾದಾ, ಹಾಗಾದ್ರೆ ನಿಮ್ಮ ಡೇಟಾ? ಅದೂ ಇದೇ ಅಕೌಂಟ್ ಅಲ್ವಾ?"

ಯಂತ್ರಕ್ಕೆ ಇವತ್ತು ಏನೋ ಆಗಿದೆ, ನಾನು ನೋಡಿ ಹೇಳುತ್ತೇನೆ ಎಂದೆ. ಆಗಲೇ ನಾನು ಗಡಿಯಾರ ನೋಡಿದ್ದು. ಯಂತ್ರಕ್ಕೆ ಏನೂ ಆಗಿಲ್ಲವೆಂದು ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು. ಇದನ್ನು ಮೃದುಮಾಡಿ ಹೇಳಲು ಬರುವುದಿಲ್ಲ.

ಯಂತ್ರ ಎರಡು ವರ್ಷವೂ ದಿನಕ್ಕೆ ಮೂರು ಸಲ ಅನುಮತಿ ಇಲ್ಲ ಎಂದು ಹೇಳುತ್ತಲೇ ಬಂದಿರಬೇಕು. ನನಗೆ ಅದು ಏಕೆ ಕಾಣಲಿಲ್ಲ ಎಂದರೆ, ದೋಷದ ಸಂದೇಶಗಳನ್ನೆಲ್ಲ ತೋರಿಸದೆ ಕಸಕ್ಕೆ ಹಾಕುವ ಒಂದು ತುಣುಕನ್ನು ಸ್ಕ್ರಿಪ್ಟಿನ ಕೊನೆಗೆ ನಾನೇ ಸೇರಿಸಿದ್ದೆ. ಪರದೆ ಚೊಕ್ಕಟವಾಗಿ ಕಾಣಲಿ ಎಂದು. ಮಧ್ಯಾಹ್ನ ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಹಳೆಯ ದಾಖಲೆಗಳನ್ನು ತೆರೆದೆ. ಪ್ರತಿ ಅಳತೆಯ ಜೊತೆಗೂ ಆ ಹೊತ್ತಿನಲ್ಲಿ ನಿಜವಾಗಿ ನಡೆಯುತ್ತಿದ್ದ ನಿಯಮ ಯಾವುದು ಎನ್ನುವ ಒಂದು ಕಾಲಮ್ ತಾನಾಗಿ ಬರೆದುಕೊಂಡಿತ್ತು. ಅದನ್ನು ನಾನು ಒಮ್ಮೆಯೂ ಓದಿರಲಿಲ್ಲ. ನಿಯಮ ಯಾವುದೆಂದು ನನಗೆ ಗೊತ್ತೇ ಇತ್ತಲ್ಲ. ಮೊದಲ ದಿನದಿಂದ ಕೊನೆಯ ದಿನದವರೆಗೆ ಮೇಲಿನಿಂದ ಕೆಳಗೆ ಓದಿದೆ. ಕ್ಯೂಬಿಕ್, ಕ್ಯೂಬಿಕ್, ಕ್ಯೂಬಿಕ್. ಎಲ್ಲೋ ಒಂದು ಕಡೆಯಾದರೂ ಬೇರೆ ಹೆಸರು ಸಿಕ್ಕೀತೆಂದು ಐದು ಗಂಟೆಯವರೆಗೆ ಓದಿದೆ.

ಹಾಗಾದರೆ ನನ್ನ ಗೆರೆಗಳು ಬೇರೆ ಬೇರೆ ಏಕೆ ಬಂದವು? ಅದಕ್ಕೆ ಕಾರಣ ನನ್ನ ಶಿಸ್ತು. ಬೆಳಗ್ಗೆ ಒಂಬತ್ತೂವರೆಗೆ ಕ್ಯಾಂಪಸ್ಸಿನಲ್ಲಿ ಯಾರೂ ಬಂದಿರುವುದಿಲ್ಲ, ದಾರಿ ಖಾಲಿ. ಮಧ್ಯಾಹ್ನ ಒಂದಕ್ಕೆ ಪ್ರತಿಯೊಬ್ಬರೂ ಊಟದ ಡಬ್ಬಿಯ ಮುಂದೆ ಮೊಬೈಲ್ ನಿಲ್ಲಿಸಿಕೊಂಡು ವಿಡಿಯೋ ನೋಡುತ್ತಾರೆ, ದಾರಿ ಗಿಜಿಗಿಜಿ. ಸಂಜೆ ಅರ್ಧ ಜನ ಮನೆಗೆ ಹೋಗಿರುತ್ತಾರೆ. ನಾನು ದಿನವೂ ಹೊತ್ತು ತಪ್ಪಿಸದೆ ಕುಳಿತದ್ದರಿಂದಲೇ ಸುಳ್ಳು ಅಷ್ಟು ನೇರವಾಗಿ ಬಂತು. ಹೊತ್ತುಗೊತ್ತಿಲ್ಲದೆ ಬಂದು ಎಲ್ಲವನ್ನೂ ಕಲಸಿ ಓಡಿಸಿದ ಅವಳಿಗೆ ನಿಜ ಸಿಕ್ಕಿತ್ತು. ಆ ನಿಜಕ್ಕೆ ನಾನು ಮೂರು ವಾರ ಬೈದಿದ್ದೆ. ಇನ್ನು ರೀನೋವಿನ ಅಂಜುಬುರುಕತನದ ಬಗ್ಗೆ ಬರೆದ ಎರಡು ಪುಟ. ರೀನೋ ಆ ದಾರಿಯಲ್ಲಿ ಒಂದು ಸಲವೂ ಕಾಲಿಟ್ಟಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರನ್ನು ನೋಡಿ ಜನ ನಗುತ್ತಾರೆ. ನಾನು ಕುಲಾವಿಯನ್ನು ಅಚ್ಚು ಹಾಕಿಸಿದ್ದೆ.

ಶುಕ್ರವಾರ ಅವಳು ಲ್ಯಾಬಿಗೆ ಬಂದಿದ್ದಳು. ಎರಡು ಸಲ ನನ್ನ ಕೋಣೆಯ ಬಾಗಿಲವರೆಗೆ ಬಂದು, ನೋಡಿದ್ರಾ ದಾದಾ ಎಂದು ಕೇಳಿದಳು. ಎರಡು ಸಲವೂ ನೋಡ್ತಾ ಇದೀನಿ ಎಂದೆ. ಆ ಪ್ರಬಂಧದಿಂದ ನನಗೆ ಸಿಕ್ಕ ಮರ್ಯಾದೆ ದೊಡ್ಡದೇನಲ್ಲ, ಆದರೆ ಬೇರೆ ಇರಲಿಲ್ಲ. ಸೋಮವಾರ ಕಳೆಯಲಿ, ಆಮೇಲೆ ನಿಧಾನವಾಗಿ ತಿದ್ದುಪಡಿ ಬರೆದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಸೋಮವಾರ ಕಳೆದರೆ ಅವಳಿಗೆ ಬರೆಯಲು ಏನೂ ಉಳಿದಿರುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು.

ಭಾನುವಾರ ಬೆಳಗ್ಗೆ ಹೆಂಡತಿಗೆ ಹೇಳಿದೆ. ಅವಳು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಜೋಳದ ಹಿಟ್ಟು ಊರಿನಿಂದ ಬಂದಿತ್ತು. ನಾನು ಹೌರಾ ಸೇತುವೆಯಿಂದ ಶುರುಮಾಡಿದೆ. ಸೇತುವಿ ಗೊತ್ತದ, ಮುಂದ ಹೇಳ್ರಿ ಎಂದಳು. ಪೂರ್ತಿ ಹೇಳಿ ಮುಗಿಸುವವರೆಗೆ ಕೈ ನಿಲ್ಲಿಸಲಿಲ್ಲ. ಆಮೇಲೆ ಕೇಳಿದಳು:

"ಆ ಹುಡುಗಿಗಿ ಹೇಳೀರೇನು?"

ಇಲ್ಲ, ಹೇಗೆ ಹೇಳಬೇಕೆಂದು ಯೋಚಿಸುತ್ತಿದ್ದೇನೆ ಎಂದೆ.

"ಬೈಯೂಮುಂದ ಮೂರು ವಾರ ಯೋಚನಿ ಮಾಡಿದ್ರೇನು? ಆವಾಗ ಬಾಯಿ ಭಾಳ ಜೋರಿತ್ತು. ಈಗ ಮಾತು ಯಾಕ ಬರವಲ್ದು?"

ರೊಟ್ಟಿಯನ್ನು ಹಂಚಿಗೆ ಹಾಕಿ ಬೆನ್ನು ತಿರುಗಿಸಿದಳು. ಆ ದಿನ ಮತ್ತೆ ಆ ಮಾತು ತೆಗೆಯಲಿಲ್ಲ. ನಾನೂ ಯಾರಿಗೂ ಫೋನ್ ಮಾಡಲಿಲ್ಲ. ಅದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಸೋಮವಾರ ಸಮಿತಿಯ ಕೋಣೆಯಲ್ಲಿ ಮಾರ್ಗದರ್ಶಕರೂ ಇನ್ನಿಬ್ಬರು ಸದಸ್ಯರೂ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ನಾನು ಹಿಂದಿನ ಸಾಲಿನಲ್ಲಿ, ಗೋಡೆಯ ಪಕ್ಕ. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಅವಳು ತನ್ನ ಗ್ರಾಫ್ ತೋರಿಸಿದಳು. ಸದಸ್ಯರಲ್ಲಿ ಒಬ್ಬರು, ಅಚ್ಚಾದ ಫಲಿತಾಂಶಕ್ಕೂ ಇದಕ್ಕೂ ತಾಳೆಯಾಗುತ್ತಿಲ್ಲ, ಇದಕ್ಕೆ ನಿನ್ನ ವಿವರಣೆಯೇನು ಎಂದು ಕೇಳಿದರು. ಅವಳು ಗ್ರಾಫ್ ತೋರಿಸುತ್ತಿದ್ದ ಕಡ್ಡಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನನ್ನ ಕಡೆ ನೋಡಿದಳು. ಗುರುವಾರ ಕಂಡದ್ದನ್ನು ಅವಳು ಹೇಳಬಹುದಿತ್ತು, ತಂತ್ರಜ್ಞರನ್ನು ಕರೆಸಬಹುದಿತ್ತು. ನಾಲ್ಕು ದಿನ ನನಗಾಗಿ ಕಾದವಳು, ಬಹುಶಃ ತನ್ನ ಅಳತೆಯ ವ್ಯವಸ್ಥೆಯಲ್ಲೇ ಏನೋ ದೋಷವಿದೆ ಎಂದು ಶುರುಮಾಡಿದಳು.

ನಾನು ಎದ್ದು ನಿಂತೆ. ಎದ್ದ ರಭಸಕ್ಕೆ ಮುಂದಿನ ಕುರ್ಚಿ ಉರುಳಿತು, ಅದನ್ನು ಎತ್ತಿ ನಿಲ್ಲಿಸಿದೆ, ಅದು ಮತ್ತೆ ಉರುಳಿತು. ಬಿಟ್ಟುಬಿಟ್ಟೆ. ಅವಳ ಅಳತೆ ಸರಿ, ತಪ್ಪಿರುವುದು ನನ್ನದು ಎಂದೆ. ಖಾತೆ, ಅನುಮತಿ, ಕಸಕ್ಕೆ ಹಾಕಿದ ಸಂದೇಶ, ಓದದ ಕಾಲಮ್, ಎಲ್ಲವನ್ನೂ ಆದ ಕ್ರಮದಲ್ಲಿ ಹೇಳಿದೆ. ಗುರುವಾರದಿಂದ ನನಗೆ ಗೊತ್ತಿತ್ತು ಎಂಬುದನ್ನು ಹೇಳುವಾಗ ಮಾತ್ರ ದನಿ ಇಳಿಯಿತು. ಒಬ್ಬರು ಮತ್ತೊಮ್ಮೆ ಹೇಳಿ ಎಂದರು, ಮತ್ತೊಮ್ಮೆ ಹೇಳಿದೆ.

ಮಾರ್ಗದರ್ಶಕರ ಹೆಸರೂ ಆ ಪ್ರಬಂಧದ ಮೇಲಿತ್ತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು:

"ಹಾಗಾದರೆ ಎರಡು ವರ್ಷ ನೀವು ಅಳೆದದ್ದು ಏನನ್ನು?"

"ಈ ಕ್ಯಾಂಪಸ್ಸಿನ ಜನ ಎಷ್ಟು ಗಂಟೆಗೆ ಬರುತ್ತಾರೆ, ಯಾವಾಗ ಊಟ ಮಾಡುತ್ತಾರೆ, ಯಾವಾಗ ಮನೆಗೆ ಹೋಗುತ್ತಾರೆ ಅನ್ನುವುದನ್ನು, ಸರ್."

ಇಬ್ಬರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ಮಾರ್ಗದರ್ಶಕರು ನಗಲಿಲ್ಲ, ಅವಳೂ ನಗಲಿಲ್ಲ.

ಅರ್ಧ ಗಂಟೆ ಕಳೆದು ಸಮಿತಿ ಅವಳ ನೋಂದಣಿಯನ್ನು ಮುಂದುವರಿಸಿತು. ಸರಿಯಾದ ಅನುಮತಿಯ ಖಾತೆಯಲ್ಲಿ, ಅವಳದೇ ಕಲಸುವ ಕ್ರಮದಲ್ಲಿ, ಮೊದಲಿನಿಂದ ಅಳೆಯಬೇಕೆಂದು ಬರೆಯಿತು. ಪ್ರಬಂಧವನ್ನು ಹಿಂತೆಗೆದುಕೊಳ್ಳುವ ಪತ್ರವನ್ನು ನಾನು ಅದೇ ವಾರ ಬರೆದೆ. ಮಾರ್ಗದರ್ಶಕರು ಏನನ್ನೂ ತಿದ್ದದೆ ಸಹಿ ಹಾಕಿದರು. ಆ ಸೋಮವಾರ ಸಮಿತಿಯ ಕೋಣೆಯಿಂದ ಹೊರಗೆ ಬಂದಾಗ ಅವಳು ಮೆಟ್ಟಿಲ ಬಳಿ ನಿಂತಿದ್ದಳು. ಥ್ಯಾಂಕ್ಸ್ ಹೇಳಬಹುದೆಂದು ನಾನು ಅಂದುಕೊಂಡೆ, ಅಷ್ಟಾದ ಮೇಲೂ.

"ಫ್ರೈಡೇನೇ ಹೇಳ್ಬೋದಿತ್ತು ದಾದಾ," ಎಂದಳು. "ನಾನು ಮೂರು ದಿನ ನಿದ್ದೇನೇ ಮಾಡ್ಲಿಲ್ಲ."

ಹೌದು ಎಂದೆ. ಅವಳು ಮೆಟ್ಟಿಲಿಳಿದು ಹೋದಳು.

ಗುರುವಾರ ಪರದೆಯ ಮೇಲಿನ ಆ ಸಾಲನ್ನು ಕಂಡವರು ಮೂವರು. ಏಣಿಯ ಮೇಲಿದ್ದ ತಂತ್ರಜ್ಞರು ಹೋದ ಚಳಿಗಾಲದಲ್ಲಿ ತೀರಿಕೊಂಡರು. ಸೋಮವಾರ ಕೋಣೆಯಲ್ಲಿದ್ದ ಮೂವರು ಹಿರಿಯರು ಬದುಕಿದ್ದಾರೆ, ಆದರೆ ಅವರು ಕೇಳಿದ್ದು ನನ್ನ ಬಾಯಿಂದ, ಕಣ್ಣಾರೆ ಕಂಡದ್ದಲ್ಲ. ಕಣ್ಣಾರೆ ಕಂಡು ಈಗಲೂ ಇರುವವರು ನಾನು ಮತ್ತು ಅವಳು. ಇದನ್ನು ಬರೆದು ಮೊದಲು ಅವಳಿಗೇ ಕಳಿಸಿದೆ. ಕನ್ನಡ ಓದಲು ಅವಳಿಗೆ ಎರಡು ದಿನ ಹಿಡಿಯಿತು. ಒಂದೇ ತಿದ್ದುಪಡಿ ಹೇಳಿದಳು: ಶುಕ್ರವಾರ ಅವಳು ನನ್ನ ಬಾಗಿಲಿಗೆ ಬಂದದ್ದು ಎರಡು ಸಲ ಅಲ್ಲ, ನಾಲ್ಕು ಸಲ.